ಹಂಡೆ ಒಲೆಯ ಚಿಮಣಿ ಉಜ್ಜಲು ಯಾವ ಬ್ರಷ್ ತರಬೇಕು?

ಹೊಳಲ್ಕೆರೆ ಕಡೆಯ ತೋಟದ ಮನೆಯಲ್ಲಿ ಬಚ್ಚಲ ಹಂಡೆ ಒಲೆಗೆ 6 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಚಿಮಣಿ ಹಾಕಿಸಿ ಮೂರು ವರ್ಷವಾಯಿತು, ಒಮ್ಮೆಯೂ ಉಜ್ಜಿಲ್ಲ, ಈಗ ಒಲೆ ಹಚ್ಚಿದರೆ ಹೊಗೆ ಒಳಕ್ಕೇ ತಿರುಗುತ್ತಿದೆ, ತಂತಿ ಬ್ರಷ್ ತರಿಸಲೋ ಪ್ಲಾಸ್ಟಿಕ್ ಬ್ರಷ್ ತರಿಸಲೋ ಎಂದು ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಟ್ಟಿಗೆ ಒಲೆಯ ಮೇಲೆ ಬೆಣ್ಣೆ ದೋಸೆ ಹಾಕುವ ಹೋಟೆಲ್ ನಡೆಸುತ್ತಿದ್ದೇನೆ. ಹೋಟೆಲಿನ ಇಟ್ಟಿಗೆ ಚಿಮಣಿಯನ್ನೂ ಮನೆಯ ಹಂಡೆ ಒಲೆಯ ಕೊಳವೆಯನ್ನೂ ನಾನೇ ಉಜ್ಜುತ್ತೇನೆ. ನಿಮ್ಮ ಕೊಳವೆಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಗಳ 6 ಇಂಚಿನ ದುಂಡು ಬ್ರಷ್ ಸರಿಹೋಗುತ್ತದೆ. ಆದರೆ ಹಣ ಕೊಡುವ ಮೊದಲು ಕೊಳವೆಯ ಕೆಳಗಿನ ತುಂಡನ್ನು ಬಿಚ್ಚಿ ಒಳಗೆ ಬೆರಳಾಡಿಸಿ ನೋಡಲೇಬೇಕು, ಏಕೆಂದರೆ ಒಳಗೆ ಕೂತಿರುವ ಮಸಿ ಎಂಥದ್ದು ಎಂದು ತಿಳಿಯದೆ ತಂದ ಬ್ರಷ್ ನಿಮ್ಮ ಕೈಲಿದ್ದೂ ಕೆಲಸಕ್ಕೆ ಬಾರದೆ ಹೋಗಬಹುದು.

ಹೋಟೆಲಿನ ಒಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಭರ್ರೆಂದು ಉರಿಯುತ್ತದೆ. ಉರಿ ಜೋರಾಗಿರುವುದರಿಂದ ಹೊಗೆ ಬಿಸಿಯಾಗಿಯೇ ಮೇಲೇರಿ ಹೊರಗೆ ಹೋಗುತ್ತದೆ, ಗೋಡೆಗೆ ಅಂಟುವುದು ಒಣ ಪುಡಿ ಮಾತ್ರ. ಹಂಡೆ ಒಲೆಯ ಕಥೆಯೇ ಬೇರೆ. ಮೇಲೆ ತಣ್ಣೀರು ತುಂಬಿದ ಹಂಡೆ ಕಾವನ್ನೆಲ್ಲ ಹೀರುತ್ತದೆ, ಬೆಳಿಗ್ಗೆಗೂ ನೀರು ಬಿಸಿಯಿರಲಿ ಎಂದು ರಾತ್ರಿ ದಪ್ಪ ಕೊರಡೊಂದನ್ನು ಒಟ್ಟಿ ಬಾಯಿ ಮುಚ್ಚಿ ಮಲಗುತ್ತೇವೆ, ಅದು ಉರಿಯದೆ ನಸುಕಿನವರೆಗೂ ಹೊಗೆಯಾಡುತ್ತಲೇ ಇರುತ್ತದೆ. ಆ ಹೊಗೆಯಲ್ಲಿ ಪೂರ್ತಿ ಸುಡದ ಎಣ್ಣೆಯಂಶವೂ ಕಟ್ಟಿಗೆಯ ನೀರಾವಿಯೂ ಇರುತ್ತವೆ. ಹೊಗೆಯ ಬಿಸಿ 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅವು ತಣ್ಣನೆಯ ಕೊಳವೆಯ ಒಳಮೈಗೆ ಹನಿಗಟ್ಟಿ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ್ದಕ್ಕೆ ಕ್ರಿಯೋಸೋಟ್ ಎನ್ನುತ್ತಾರೆ. ಹಸಿ ಜಾಲಿ ಕಟ್ಟಿಗೆ, ಮಳೆಯಲ್ಲಿ ನೆನೆದ ಮೆಕ್ಕೆಜೋಳದ ಬೆಂಡು ಹಾಕಿದಷ್ಟೂ ಇದು ಬೇಗ ಬೆಳೆಯುತ್ತದೆ.

ಬೆರಳಿಗೆ ಸಿಗುವುದು ಮೂರು ಬಗೆ. ಕಣ್ಣಿಗೆ ಹಚ್ಚುವ ಕಾಡಿಗೆಯಂತೆ ಮೆತ್ತಗೆ ಉದುರಿದರೆ ಯಾವ ಬ್ರಷ್ಷಾದರೂ ನಡೆಯುತ್ತದೆ. ಕಾವಲಿಗೆ ಹತ್ತಿದ ಸೀಕಿನಂತೆ ಕರ್ರಗೆ ಹೊಳೆಯುವ ಚಕ್ಕೆಗಳಾಗಿ, ಉಗುರು ಹಾಕಿದರೆ ಚಟಕ್ಕನೆ ಏಳುವಂತಿದ್ದರೆ ಎಳೆ ಗಡುಸಾದ ಬ್ರಷ್ ಬೇಕು, ತಾಳ್ಮೆಯೂ ಬೇಕು. ಮೂರನೆಯದು, ಆರಿದ ಬೆಲ್ಲದ ಪಾಕಕ್ಕೆ ಕಪ್ಪು ಬಣ್ಣ ಬಳಿದಂತೆ ನುಣ್ಣಗೆ, ಗಾಜಿನಂತೆ ಮಿರುಗುತ್ತ, ಉಗುರೂ ತಾಗದಂತೆ ಕೂತಿರುತ್ತದೆ. ಇದನ್ನು ಯಾವ ಬ್ರಷ್ಷೂ ತೆಗೆಯಲಾರದು. ಬ್ರಷ್ ಅದರ ಮೇಲೆ ಜಾರಿಕೊಂಡು ಹೋಗಿ ಬರುತ್ತದೆ, ಉಜ್ಜಿದವರಿಗೆ ಉಜ್ಜಿದೆನೆಂಬ ಸಮಾಧಾನ ಮಾತ್ರ ಉಳಿಯುತ್ತದೆ. ಅದಕ್ಕೆ ಅದನ್ನು ಒಣಗಿಸಿ ಪುಡಿಯಾಗಿಸುವ ರಾಸಾಯನಿಕ ಬೇಕು, ಇಲ್ಲವೇ ಆ ತುಂಡನ್ನೇ ಬದಲಾಯಿಸಬೇಕು. ನಿಮ್ಮದು ತೆಳು ಕೊಳವೆಯಾದ್ದರಿಂದ ಬದಲಾಯಿಸುವುದೇ ಮೇಲು. ದಪ್ಪವನ್ನೂ ನೋಡಿ: ಒಂದು ಮೊಳೆಯಿಂದ ಗೀರಿದಾಗ ಪದರ 3 ಮಿಲಿಮೀಟರ್ ಆಗಿದ್ದರೆ ಉಜ್ಜುವ ಕಾಲ ಬಂದಿದೆ ಎಂದರ್ಥ, 6 ಮಿಲಿಮೀಟರ್ ಆಗಿದ್ದರೆ ಉಜ್ಜುವವರೆಗೆ ಒಲೆಯನ್ನು ಹಚ್ಚಲೇಬೇಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಶ್ರಾವಣದಲ್ಲಿ ನಮ್ಮ ಮನೆಯ ಹಂಡೆ ಒಲೆಯ ಕೊಳವೆಗೇ ಒಳಗಿನಿಂದ ಬೆಂಕಿ ಹತ್ತಿತು. ಹಬ್ಬದ ಎಣ್ಣೆಸ್ನಾನಕ್ಕೆಂದು ತೆಂಗಿನ ಚಿಪ್ಪು ಹಾಕಿ ಉರಿ ಜೋರು ಮಾಡಿದ್ದರು. ಗೂಡ್ಸ್ ರೈಲು ಹತ್ತಿರ ಬರುವಂಥ ಸದ್ದು ಶುರುವಾಯಿತು, ಸೂರಿನ ಕೆಳಗಿನ ತುಂಡು ನೋಡನೋಡುತ್ತ ಕೆಂಪಗಾಯಿತು, ಮೇಲಿನಿಂದ ಕಿಡಿಗಳು ಹಿತ್ತಲ ಸೌದೆ ಒಟ್ಟಿನ ಮೇಲೆ ಬಿದ್ದವು. ನನ್ನ ತಮ್ಮ ಬಕೆಟ್ ನೀರು ಎತ್ತಿಕೊಂಡು ಏಣಿ ಹತ್ತಲು ಹೊರಟಿದ್ದ, ನಾನು ತಡೆದೆ. ಕಾದ ಕೊಳವೆಗೆ ನೀರು ಸುರಿದರೆ ಒಮ್ಮೆಲೇ ಹಬೆ ಎದ್ದು ಕೊಳವೆ ಸೀಳುತ್ತದೆ, ಇಟ್ಟಿಗೆಯಾದರೆ ಬಿರಿಯುತ್ತದೆ. ಒಲೆಯ ಬಾಯಿಗೆ ತಗಡು ಹಚ್ಚಿ ಸುತ್ತಲೂ ಒದ್ದೆ ಮಣ್ಣು ಮೆತ್ತಿ ಗಾಳಿ ಹೋಗದಂತೆ ಮಾಡಿದೆವು, ಮನೆಯವರನ್ನೆಲ್ಲ ಹೊರಗೆ ಕಳಿಸಿ 101ಕ್ಕೆ ಫೋನ್ ಮಾಡಿದೆವು. ಸೌದೆಗೆ ಹಿಡಿಯಲಿಲ್ಲ. ಮರುದಿನ ಬಿಚ್ಚಿ ನೋಡಿದರೆ ಎರಡು ಸಂದುಗಳು ಬಾಯಿ ಬಿಟ್ಟಿದ್ದವು. ಅಂಥ ಬೆಂಕಿಯಲ್ಲಿ ಒಳಗಿನ ಬಿಸಿ 1000 ಡಿಗ್ರಿ ದಾಟಬಲ್ಲದು, ಆದ್ದರಿಂದ ಒಮ್ಮೆ ಬೆಂಕಿ ಹತ್ತಿದ ಕೊಳವೆಯನ್ನು ಬಿಚ್ಚಿ ಪರೀಕ್ಷಿಸದೆ ಮತ್ತೆ ಬಳಸಬಾರದು. ಕೊಳವೆ ಕಟ್ಟಿಕೊಂಡರೆ ಉರಿ ಜೋರು ಮಾಡಿ ಒಳಗಿನ ಮಸಿ ಸುಟ್ಟುಬಿಡಿ ಎಂದು ಸಲಹೆ ಕೊಡುವವರು ನಮ್ಮ ಕಡೆ ಇನ್ನೂ ಇದ್ದಾರೆ. ದಯವಿಟ್ಟು ಕೇಳಬೇಡಿ.

ಈಗ ಬ್ರಷ್. ಇಟ್ಟಿಗೆ, ಗಾರೆ, ಸುಟ್ಟ ಮಣ್ಣಿನ ಕೊಳವೆಗಳಿಗೆ ಉಕ್ಕಿನ ತಂತಿಯ ಬ್ರಷ್ ಸರಿ. ಸ್ಟೇನ್‌ಲೆಸ್ ಸ್ಟೀಲಿಗೆ ಅದು ಬೇಡ, ಏಕೆಂದರೆ ತಂತಿ ಒಳಮೈಯನ್ನು ಗೀರುತ್ತದೆ, ಗೀರಿನಲ್ಲಿ ಕಬ್ಬಿಣದ ಕಣಗಳು ಉಳಿದು ತುಕ್ಕಿಗೆ ಮೂಲವಾಗುತ್ತವೆ, ಮಸಿಯೊಳಗಿನ ಆಮ್ಲ ಅಲ್ಲಿಂದ ತಿನ್ನಲು ಶುರುಮಾಡುತ್ತದೆ. ಪಾಲಿಪ್ರೊಪಿಲೀನ್ ಎಳೆಗಳು ಸ್ಟೀಲನ್ನು ಗೀರುವುದಿಲ್ಲ. ಆದರೆ ಬಿಸಿ ತಾಗಿದರೆ ಮೆತ್ತಗಾಗುತ್ತವೆ, ಆದ್ದರಿಂದ ಒಲೆ ಆರಿ ಒಂದು ಹಗಲು ಒಂದು ರಾತ್ರಿ ಕಳೆದಿರಬೇಕು. ಅಳತೆಯನ್ನು ಹೊರಗಿನಿಂದ ತೆಗೆಯಬೇಡಿ, ಬಾಯಿಯ ಒಳ ಅಂಚಿನಿಂದ ಎದುರಿನ ಒಳ ಅಂಚಿಗೆ ಟೇಪು ಹಿಡಿಯಿರಿ. ಎರಡು ಪದರದ ಕೊಳವೆಯಾದರೆ ಹೊರಗೆ 8 ಇಂಚು ಕಂಡರೂ ಒಳಗೆ 6 ಇಂಚೇ ಇರಬಹುದು. ತಂತಿಯ ಬ್ರಷ್ ಒಳ ಅಳತೆಗೆ ಸರಿಸಮವಾಗಿರಬೇಕು, ಪ್ಲಾಸ್ಟಿಕ್ ಎಳೆಯದು ಕಾಲು ಇಂಚು ಹೆಚ್ಚಿದ್ದರೂ ಬಾಗಿಕೊಂಡು ಒಳಗೆ ಸಾಗುತ್ತದೆ. ಚೌಕ ಚಿಮಣಿಗೆ ಚೌಕ ಬ್ರಷ್ಷೇ ಬೇಕು, ದುಂಡಿನದು ಮೂಲೆಗಳನ್ನು ಮುಟ್ಟುವುದಿಲ್ಲ.

ಅಳತೆಯ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಊರಿನಲ್ಲಿ ಅಕ್ಕಿ ಗಿರಣಿಗಳ ಬಾಯ್ಲರ್ ಕೊಳವೆ ಉಜ್ಜುವ ತಂತಿ ಬ್ರಷ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲ ವರ್ಷ ಅದನ್ನೇ ತಂದಿದ್ದೆ. ಗಟ್ಟಿಮುಟ್ಟಾದ ವಸ್ತು, ಆದರೆ ಎರಡೂವರೆ ಇಂಚಿನ ಆಸುಪಾಸಿನದು. 6 ಇಂಚಿನ ಕೊಳವೆಯಲ್ಲಿ ಅದು ಒಂದು ಪಕ್ಕವನ್ನಷ್ಟೇ ಸವರಿ ಕೆಳಗೆ ಬಂತು. ಈಚಲ ಕಸಬರಿಗೆಯನ್ನು ಕೋಲಿಗೆ ಕಟ್ಟಿ ಉಜ್ಜುವ ಹಳೆಯ ಪದ್ಧತಿ ಅಡುಗೆಮನೆಯ ಇಲ್ಲಣ ತೆಗೆಯಲು ಚೆನ್ನಾಗಿದೆ, ಒಣ ಮಸಿಗೂ ಪರವಾಗಿಲ್ಲ, ಚಕ್ಕೆಗಟ್ಟಿದ್ದಕ್ಕೆ ಸಾಲದು.

ಬ್ರಷ್ಷಿಗೆ ತಿರುಪಿನಿಂದ ಸೇರುವ ಫೈಬರ್‌ಗ್ಲಾಸ್ ಕೋಲುಗಳನ್ನು ಚಿಮಣಿಯ ಉದ್ದಕ್ಕಿಂತ ಒಂದು ಹೆಚ್ಚಾಗಿ ತನ್ನಿ. ಕೊಳವೆಯೊಳಗೆ ಕೋಲನ್ನು ತಿರುಗಿಸಬೇಕಾದರೆ ಬಲಕ್ಕೆ, ಗಡಿಯಾರದ ಮುಳ್ಳು ಸುತ್ತುವ ಕಡೆಗೆ ಮಾತ್ರ ತಿರುಗಿಸಿ. ಎಡಕ್ಕೆ ತಿರುಗಿಸಿದರೆ ತಿರುಪು ಬಿಚ್ಚಿ ಬ್ರಷ್ ನಡುವೆಯೇ ಉಳಿಯುತ್ತದೆ. ತಂತಿಯ ಬ್ರಷ್ಷನ್ನು ಅರ್ಧದಾರಿಯಲ್ಲಿ ಹಿಂದಕ್ಕೆ ಎಳೆಯಲು ಹೋಗಬೇಡಿ, ತಂತಿಗಳು ತಿರುಗಿ ಬಾಗಲು ಜಾಗವಿಲ್ಲದೆ ಕಚ್ಚಿಕೊಳ್ಳುತ್ತವೆ. ತುದಿಯವರೆಗೆ ದಾಟಿಸಿ ಆಮೇಲೆ ಎಳೆಯಬೇಕು. ಕೊಳವೆ ನೇರವಾಗಿದ್ದರೆ ಬ್ರಷ್ಷಿನ ಎರಡೂ ತುದಿಗೆ ಹಗ್ಗ ಕಟ್ಟಿ ಒಬ್ಬರು ಮೇಲಿನಿಂದ, ಒಬ್ಬರು ಕೆಳಗಿನಿಂದ ಎಳೆಯುವುದೂ ಒಳ್ಳೆಯ ಕ್ರಮ.

ಕೆಲಸದ ದಿನ ಒಲೆಯ ಬಾಯಿಗೂ ಹಂಡೆಯ ಸುತ್ತಲಿನ ಸಂದಿಗೂ ಒದ್ದೆ ಗೋಣಿಚೀಲ ತುರುಕಿ. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್-95 ಮಾಸ್ಕ್, ತುಂಬುತೋಳಿನ ಅಂಗಿ ಕಡ್ಡಾಯ. ಚಿಮಣಿ ಉಜ್ಜುವ ಹುಡುಗರ ಚರ್ಮದಲ್ಲಿ ಉಳಿದ ಮಸಿಯೇ ಮುಂದೆ ಅವರಿಗೆ ಕ್ಯಾನ್ಸರ್ ತರುತ್ತದೆ ಎಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದರು. ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ತಗಡಿನ ಮಾಡಾದರೆ ತಗಡಿನ ಮೇಲೆ ನೇರವಾಗಿ ಕಾಲಿಡದೆ ಕೆಳಗಿನ ತೊಲೆಗಳ ಮೇಲೆ ಭಾರ ಬೀಳುವಂತೆ ಹಲಗೆ ಹಾಕಿಕೊಳ್ಳಿ, ಹತ್ತಿರದಲ್ಲಿ ವಿದ್ಯುತ್ ತಂತಿ ಇದೆಯೇ ಎಂದು ಕೋಲು ಎತ್ತುವ ಮೊದಲೇ ನೋಡಿ. ಮೊದಲ ಸಲ ಬ್ರಷ್ ಇಳಿದಾಗ ಮಂದವಾದ ಚರಚರ ಸದ್ದು ಬರುತ್ತದೆ, ಏಳೆಂಟು ಸಲ ಹೋಗಿ ಬಂದ ಮೇಲೆ ಸ್ಟೀಲು ಟಣಟಣ ಎನ್ನತೊಡಗುತ್ತದೆ. ನಾನು ಆ ಸದ್ದು ಬರುವವರೆಗೂ ನಿಲ್ಲಿಸುವುದಿಲ್ಲ. ಆಮೇಲೆ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡುತ್ತೇನೆ.

ಕೊಳವೆ ಮತ್ತೆ ಜೋಡಿಸುವಾಗ ಮೇಲಿನ ತುಂಡಿನ ಕಿರಿದಾದ ತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ಎಷ್ಟೋ ಮೇಸ್ತ್ರಿಗಳು ಇದನ್ನು ತಿರುಗುಮುರುಗು ಮಾಡುತ್ತಾರೆ, ಆಗ ಕರಗಿದ ಕಪ್ಪು ನೀರು ಸಂದಿನಿಂದ ಗೋಡೆಗೆ ಇಳಿಯುತ್ತದೆ. ಉದುರಿದ ಮಸಿಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಹೊರಗಿಡಿ, ಹುಲ್ಲಿನ ಬಣವೆಯ ಹತ್ತಿರ ಬೇಡ. ಬೂದಿಯನ್ನು ತೆಂಗಿನ ಬುಡಕ್ಕೆ ಹಾಕಬಹುದು, ಈ ಚಕ್ಕೆಗಳನ್ನು ಹಾಕಬಾರದು.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು ಸೇರಿಸಬೇಕು. ಹಳ್ಳಿಗಳಲ್ಲಿ ಅಸ್ತ್ರ ಒಲೆ (ಚಿಮಣಿಯಿರುವ ಸುಧಾರಿತ ಕಟ್ಟಿಗೆ ಒಲೆ) ಕಟ್ಟಿಸಿದ ಎಷ್ಟೋ ಮನೆಗಳಲ್ಲಿ 4 ಇಂಚಿನ ಕಲ್ನಾರು (ಆಸ್‌ಬೆಸ್ಟಾಸ್) ಸಿಮೆಂಟ್ ಕೊಳವೆಯೇ ಚಿಮಣಿ. ಅದಕ್ಕೆ ತಂತಿ ಬ್ರಷ್ ಹಾಕಿ ಒಣಗಿದ್ದಂತೆಯೇ ಉಜ್ಜಿದರೆ ಕಲ್ನಾರಿನ ಎಳೆಗಳು ಗಾಳಿಗೆ ಎದ್ದು ಶ್ವಾಸಕೋಶ ಸೇರುತ್ತವೆ. ಅದನ್ನು ಉಜ್ಜುವ ಬದಲು ನೀರು ಚಿಮುಕಿಸಿ, ಒಡೆಯದಂತೆ ಇಳಿಸಿ, ಬೇರೆ ಕೊಳವೆ ಹಾಕಿಸುವುದು ಕ್ಷೇಮ.

ನಿಮ್ಮಂಥ ಹಂಡೆ ಒಲೆಗೆ ವರ್ಷಕ್ಕೆ ಎರಡು ಸಲ ಉಜ್ಜುವುದು ನನ್ನ ರೂಢಿ: ಮುಂಗಾರಿಗೆ ಮೊದಲು ಒಮ್ಮೆ, ಏಕೆಂದರೆ ಮಸಿ ಮಳೆಯ ತೇವ ಕುಡಿದರೆ ಸ್ಟೀಲನ್ನು ತಿನ್ನುತ್ತದೆ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮೊದಲು ಇನ್ನೊಮ್ಮೆ, ಏಕೆಂದರೆ ಅಷ್ಟರಲ್ಲಿ ಮಳೆಗಾಲದ ಹಸಿ ಕಟ್ಟಿಗೆಯ ಮಸಿ ಕೂತಿರುತ್ತದೆ. ಈ ಸಲ ಉಜ್ಜಿದ ಮೇಲೆ ಒಲೆಯ ಬಾಯಲ್ಲಿ ಒಂದು ಹಾಳೆ ಪೇಪರ್ ಹಚ್ಚಿ ನೋಡಿ. ಆಗಲೂ ಹೊಗೆ ತಿರುಗಿದರೆ ತುದಿಯ ಟೋಪಿಯ ಜಾಲರಿಯನ್ನು ಬಿಚ್ಚಿ ನೋಡಿ, ಅದರ ಕಣ್ಣುಗಳು ಮಸಿಯಿಂದ ಮುಚ್ಚಿರುತ್ತವೆ, ಇಲ್ಲವೇ ಹಕ್ಕಿ ಗೂಡು ಕಟ್ಟಿರುತ್ತದೆ. ಅದೂ ಚೊಕ್ಕಟವಾಗಿದ್ದರೆ ಎತ್ತರ ಅಳೆಯಿರಿ: ಕೊಳವೆಯ ತುದಿ ಮಾಡಿನಿಂದ ಹೊರಬರುವಲ್ಲಿಂದ ಕನಿಷ್ಠ 3 ಅಡಿ ಮೇಲಿರಬೇಕು, ಸುತ್ತ 10 ಅಡಿಯೊಳಗಿನ ಯಾವುದೇ ಸೂರು, ಗೋಡೆಗಿಂತ 2 ಅಡಿ ಎತ್ತರವಿರಬೇಕು. ಅಷ್ಟಿಲ್ಲದಿದ್ದರೆ ಇನ್ನೊಂದು ತುಂಡು ಸೇರಿಸಬೇಕಾಗುತ್ತದೆ.