ನಗರದ ಸಾರಿಗೆ ಇಲಾಖೆ ಒಳಗೆ ಹೇಗಿರುತ್ತೆ, ಏನು ಮಾಡುತ್ತೆ?

ದೊಡ್ಡ ನಗರಗಳ ಸಾರಿಗೆ ಇಲಾಖೆಯಲ್ಲಿ ಯಾವ್ಯಾವ ವಿಭಾಗ ಇರುತ್ತವೆ, ಬಸ್ ಓಡಿಸುವುದು ಬಿಟ್ಟರೆ ಅವರಿಗೇನು ಕೆಲಸ ಅಂತ ಕೇಳಿದ್ದೀರಿ. ಇಂಥ ಒಂದು ಇಲಾಖೆಯ ಸಿಗ್ನಲ್ ವಿಭಾಗದಲ್ಲಿ ನಾನು ಕೆಲವು ವರ್ಷ ಇದ್ದೆ. ಹಾಗಾಗಿ ಸಿಗ್ನಲ್ ಬಗ್ಗೆ ಮಾತು ಸ್ವಲ್ಪ ಜಾಸ್ತಿಯಾದರೆ ಸಹಿಸಿಕೊಳ್ಳಿ.

ಮೊದಲನೆಯದಾಗಿ, ಎಷ್ಟೋ ಕಡೆ ಬಸ್ ಓಡಿಸುವುದು ಈ ಇಲಾಖೆಯ ಕೆಲಸವೇ ಅಲ್ಲ. ನ್ಯೂಯಾರ್ಕ್ ನೋಡಿ. ಅಲ್ಲಿ ಸಬ್‌ವೇ (ನೆಲದಡಿಯ ರೈಲು), ಬಸ್ಸು ಎರಡನ್ನೂ ನಡೆಸುವುದು ರಾಜ್ಯದ ಕೈಕೆಳಗಿರುವ ಎಂಟಿಎ ಎಂಬ ಸಂಸ್ಥೆ. ನಗರದ ಸಾರಿಗೆ ಇಲಾಖೆಗೆ ಸೇರಿದ್ದು ರಸ್ತೆ, ಸಿಗ್ನಲ್, ಬೀದಿದೀಪ, ನೂರಾರು ಸೇತುವೆ, ಜೊತೆಗೆ ಸ್ಟೇಟನ್ ಐಲ್ಯಾಂಡಿಗೆ ಹೋಗುವ ಫೆರ್ರಿ. ಬಸ್ ಲೇನಿಗೆ ಬಣ್ಣ ಬಳಿಯುವವರು ಇವರು, ಅದರ ಮೇಲೆ ಬಸ್ ಓಡಿಸುವವರು ಅವರು! ಸ್ಯಾನ್ ಫ್ರಾನ್ಸಿಸ್ಕೋದವರು ಬೇರೆ ದಾರಿ ಹಿಡಿದರು. 1999ರಲ್ಲಿ ಮತದಾರರು ಒಪ್ಪಿದ ಮೇಲೆ ಬಸ್ಸು, ಪಾರ್ಕಿಂಗು, ಟ್ರಾಫಿಕ್ಕು ಎಲ್ಲವೂ ಒಂದೇ ಸಂಸ್ಥೆಗೆ ಬಂದವು. ಲಂಡನ್ನಿನದು ಎರಡರ ನಡುವಿನ ದಾರಿ. 2000ದಲ್ಲಿ ಶುರುವಾದ ‘ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್’ ರಸ್ತೆಗಳ ಪೈಕಿ ನೋಡಿಕೊಳ್ಳುವುದು ಮುಖ್ಯವಾದವನ್ನು ಮಾತ್ರ, ಉಳಿದ ರಸ್ತೆಗಳು ಬಹುತೇಕ ಆಯಾ ಬರೋ ಕೌನ್ಸಿಲ್‌ಗಳಿಗೆ (ನಗರದೊಳಗಿನ ಸ್ಥಳೀಯ ಆಡಳಿತಗಳಿಗೆ) ಸೇರಿದ್ದು. ಆದರೆ ಸಿಗ್ನಲ್ ಯಾರ ರಸ್ತೆಯಲ್ಲಿದ್ದರೂ ಅದನ್ನು ನಡೆಸುವುದು ಆ ಸಂಸ್ಥೆಯೇ. ಇನ್ನು ಲೈಸೆನ್ಸು, ಗಾಡಿ ನೋಂದಣಿ ಸಾಮಾನ್ಯವಾಗಿ ಬೇರೆ ಕಚೇರಿಯ ಕೆಲಸ. ದಂಡ ಹಾಕುವುದು ಹೆಚ್ಚಾಗಿ ಪೊಲೀಸರದು, ಕೆಲವು ಊರಲ್ಲಿ ಪಾರ್ಕಿಂಗ್ ದಂಡ ಮಾತ್ರ ಈ ಇಲಾಖೆಗೆ ಬರುತ್ತದೆ.

ಹೀಗಾಗಿ ‘ಇಲಾಖೆಯ ರಚನೆ ಇಂತಿಷ್ಟೇ’ ಅಂತ ಒಂದು ಚಾರ್ಟ್ ಬರೆದುಕೊಟ್ಟರೆ ಅದು ಸುಳ್ಳಾಗುತ್ತದೆ. ಆದರೂ ಎಲ್ಲ ಕಡೆ ಕಾಣುವ ಕೆಲವು ವಿಭಾಗಗಳಿವೆ. ಮೇಲೆ ಒಬ್ಬ ಕಮಿಷನರ್ ಅಥವಾ ಡೈರೆಕ್ಟರ್ ಇರುತ್ತಾರೆ, ಅವರನ್ನು ಮೇಯರ್ರೋ ಆಡಳಿತ ಮಂಡಳಿಯೋ ನೇಮಿಸಿರುತ್ತದೆ. ಅವರ ಕೆಳಗೆ ಮುಂದಿನ ಹತ್ತಿಪ್ಪತ್ತು ವರ್ಷದ ಲೆಕ್ಕ ಹಾಕುವ ಯೋಜನಾ ವಿಭಾಗ, ಅದನ್ನು ನಕ್ಷೆಗೆ ಇಳಿಸಿ ಟೆಂಡರ್ ಕರೆಯುವ ಎಂಜಿನಿಯರಿಂಗ್ ವಿಭಾಗ, ದಿನನಿತ್ಯದ ಸಂಚಾರ ನೋಡುವವರು, ರಿಪೇರಿ ಮಾಡುವವರು, ರಸ್ತೆ ಅಗೆಯಲು ಪರ್ಮಿಟ್ ಕೊಡುವವರು. ಹಣಕಾಸು, ಕಾನೂನು, ಸಿಬ್ಬಂದಿ ವಿಭಾಗಗಳು ಯಾವ ಕಚೇರಿಯಲ್ಲೂ ಇರುವಂಥವೇ.

ಈಗ ನನ್ನ ವಿಭಾಗಕ್ಕೆ ಬರೋಣ. ಹದಿನೆಂಟು ಮೀಟರ್ ಅಗಲದ ರಸ್ತೆ ಅಂದುಕೊಳ್ಳಿ. ನಡೆಯುವವರ ವೇಗ ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿದರೆ ದಾಟಲು 15 ಸೆಕೆಂಡ್ ಬೇಕು. ಹತ್ತಿರದಲ್ಲಿ ಆಸ್ಪತ್ರೆ ಇದೆ, ವಯಸ್ಸಾದವರು ಜಾಸ್ತಿ, 1 ಮೀಟರ್ ಅಂತ ಹಿಡಿಯೋಣ ಅಂದರೆ 18 ಸೆಕೆಂಡ್. ಬರೀ ಮೂರು ಸೆಕೆಂಡ್, ಅಲ್ವಾ? ಆದರೆ ಸಿಗ್ನಲ್ 90 ಸೆಕೆಂಡಿಗೊಮ್ಮೆ ಸುತ್ತು ಹಾಕುತ್ತಿದ್ದರೆ ಗಂಟೆಗೆ ನಲವತ್ತು ಸುತ್ತು. ಅಂದರೆ ಗಾಡಿಗಳ ಹಸಿರಿನಿಂದ ಗಂಟೆಗೆ ಎರಡು ನಿಮಿಷ ಹೋಯಿತು. ಸಂಜೆ ದಟ್ಟಣೆಯ ಹೊತ್ತಿನಲ್ಲಿ ಸಾಲು ಹಿಂದಿನ ಜಂಕ್ಷನ್‌ವರೆಗೂ ಬೆಳೆಯಲು ಕೆಲವೊಮ್ಮೆ ಅಷ್ಟೇ ಸಾಕು. ಈ ಮೂರು ಸೆಕೆಂಡಿಗಾಗಿ ಮೀಟಿಂಗಿನಲ್ಲಿ ಜೋರು ದನಿಯ ಜಗಳ ನಡೆದದ್ದನ್ನು ನೋಡಿದ್ದೇನೆ. ನಾನು ಯಾವಾಗಲೂ ನಡೆಯುವವರ ಪರ. ಗಾಡಿಯವರಿಗೆ ತಡವಾದೀತು, ನಡು ರಸ್ತೆಯಲ್ಲಿ ಸಿಕ್ಕಿಕೊಂಡ ಅಜ್ಜಿಯ ಪಾಡು ಹಾಗಲ್ಲ. ಹಳದಿ ದೀಪಕ್ಕೂ ಇಂಥದ್ದೇ ಲೆಕ್ಕವಿದೆ. ಗಂಟೆಗೆ 50 ಕಿಲೋಮೀಟರ್ ವೇಗದ ರಸ್ತೆಯಲ್ಲಿ ಅದು ಮೂರು ಸೆಕೆಂಡಿಗಿಂತ ತುಸು ಜಾಸ್ತಿ ಬರುತ್ತದೆ. ಸಾಮಾನ್ಯವಾಗಿ ವೇಗ ಹೆಚ್ಚಿದ್ದಷ್ಟೂ ಹಳದಿಯೂ ಉದ್ದ. ಸುಮ್ನೆ ಯಾರೋ ಅಂದಾಜಿನಲ್ಲಿ ಇಟ್ಟ ಸಂಖ್ಯೆ ಅಲ್ಲ ಅದು.

ಪರ್ಮಿಟ್ ವಿಭಾಗವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಆದರೆ ಅದು ಬಿಗಿಯಾಗಿದ್ದ ಕಡೆ ರಸ್ತೆ ಉಳಿಯುತ್ತದೆ. ನೀರಿನವರು, ಗ್ಯಾಸಿನವರು, ಕೇಬಲ್‌ನವರು ಒಬ್ಬರಾದ ಮೇಲೆ ಒಬ್ಬರು ಅಗೆಯಲು ಬರುತ್ತಾರೆ. ಎಲ್ಲರನ್ನೂ ಕೂರಿಸಿ ‘ಅಗೆಯುವುದಿದ್ದರೆ ಡಾಂಬರು ಹಾಕುವ ಮೊದಲೇ ಅಗೆದುಬಿಡಿ’ ಅಂತ ಒಪ್ಪಿಸುವುದು ಈ ವಿಭಾಗದ ಕೆಲಸ. ಹೊಸ ಡಾಂಬರು ಬಿದ್ದ ರಸ್ತೆಯನ್ನು ಇಂತಿಷ್ಟು ವರ್ಷ ಮುಟ್ಟಬಾರದು ಎಂಬ ನಿಯಮ ಅನೇಕ ನಗರಗಳಲ್ಲಿದೆ. ಸಾಮಾನ್ಯವಾಗಿ ಪೈಪು ಒಡೆದಂಥ ತುರ್ತಿಗೆ ಮಾತ್ರ ವಿನಾಯಿತಿ. ಅಗೆದು ಮುಚ್ಚಿದ ಜಾಗ ಎಷ್ಟೇ ಚೆನ್ನಾಗಿ ಮುಚ್ಚಿದರೂ ಮೊದಲಿನಂತಾಗುವುದು ಅಪರೂಪ. ಅಂಚಿನಲ್ಲಿ ಬಿರುಕು ಬಿಡುತ್ತದೆ, ನೀರು ಇಳಿಯುತ್ತದೆ, ತಳ ಮೆತ್ತಗಾಗಿ ಗುಂಡಿಯಾಗುತ್ತದೆ.

ಗುಂಡಿ ಮುಚ್ಚುವವರು ರಿಪೇರಿ ವಿಭಾಗದವರು. ಇಲಾಖೆಯ ಹೆಚ್ಚಿನ ಬೆವರು ಹರಿಯುವುದು ಅಲ್ಲೇ. ಆದರೆ ದುಡ್ಡಿನ ಹರಿವು ಬೇರೆ. ಹೊಸ ಸೇತುವೆಗೆ ಸಾಲ ಸಿಗುತ್ತದೆ, ಮೇಲಿನ ಸರ್ಕಾರದ ಅನುದಾನ ಸಿಗುತ್ತದೆ. ಅಳಿಸಿಹೋದ ಜೀಬ್ರಾ ಪಟ್ಟೆಗೆ ಹೊಸ ಬಣ್ಣ ಬಳಿಯಲು ಮಾತ್ರ ವರ್ಷದ ಖರ್ಚಿನ ಬಾಬಿನಿಂದಲೇ ದುಡ್ಡು ತೆಗೆಯಬೇಕು. ಬಜೆಟ್ ಕಡಿತ ಅಂದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಫ್ಲೈಓವರ್ ಮೇಲೇಳುತ್ತಿರುವಾಗಲೇ ಅದರ ಕೆಳಗಿನ ಪಟ್ಟೆ ಮಾಸಿರುವುದು ಬರೀ ಸೋಮಾರಿತನದಿಂದಲ್ಲ. ಒಂದು ಜೇಬಿನ ಹಣ ಇನ್ನೊಂದಕ್ಕೆ ಬರುವಂತಿಲ್ಲ. ಯಾವುದೇ ನಗರದ ಸಾರಿಗೆ ಇಲಾಖೆಯನ್ನು ಅಳೆಯಬೇಕಿದ್ದರೆ ನಾನು ಮೊದಲು ನೋಡುವುದು ಈ ಎರಡನೇ ಜೇಬನ್ನೇ.

ಏನಾದರೂ ದೂರು ಕೊಡಬೇಕೆಂದು ಈ ಪ್ರಶ್ನೆ ಕೇಳಿದ್ದರೆ ಒಂದು ಮಾತು. ಕಮಿಷನರ್‌ಗೆ ಬರೆದ ಪತ್ರವೂ ಕೊನೆಗೆ ಸಂಬಂಧಪಟ್ಟ ವಿಭಾಗದ ಟೇಬಲ್‌ಗೇ ಇಳಿಯುತ್ತದೆ, ಇಳಿಯಲು ದಿನ ಹಿಡಿಯುತ್ತದೆ. ಆ ರಸ್ತೆ ಯಾರದು ಅಂತ ಮೊದಲು ತಿಳಿದುಕೊಂಡು, ನೇರ ಆ ವಿಭಾಗಕ್ಕೇ ಬರೆಯಿರಿ. ಸಿಗ್ನಲ್ ಆದರೆ ಕಂಬದ ಮೇಲೋ ಪಕ್ಕದ ಪೆಟ್ಟಿಗೆಯ ಮೇಲೋ ಸಾಮಾನ್ಯವಾಗಿ ಒಂದು ನಂಬರ್ ಇರುತ್ತದೆ, ಅದನ್ನು ಸೇರಿಸಿ. ‘ಸಿಗ್ನಲ್ ಸರಿಯಿಲ್ಲ’ ಅನ್ನುವ ಬದಲು ‘ಸಂಜೆ ಆರಕ್ಕೆ ಈ ಕಡೆಯಿಂದ ದಾಟುವವರಿಗೆ ಇಷ್ಟೇ ಸೆಕೆಂಡ್ ಸಿಗುತ್ತಿದೆ’ ಅಂತ ಬರೆದರೆ ಎಂಜಿನಿಯರ್ ತನ್ನ ಟೈಮಿಂಗ್ ಶೀಟ್ ತೆಗೆದು ತಾಳೆ ನೋಡಬಹುದು.