ಅರ್ಧ ಮುಗಿದ ಚಕಮಕಿ ಬಂದೂಕು: ಎಲ್ಲಿ ಮಾರಬೇಕು, ಎಷ್ಟು ಹೇಳಬೇಕು?

ಪ್ರಶ್ನೆ: ಮಾನ್ಯರೇ, ನಾನು ತುಮಕೂರಿನ ಗಡಿಯಾರ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ನನ್ನ ಕಿರಿಯ ಮಗ ಎಂಟು ವರ್ಷಗಳಿಂದ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾನೆ. ಅಲ್ಲಿ ಹಳೆಯ ಮಾದರಿಯ, ಮೂತಿಯಿಂದ ಮದ್ದು ತುಂಬುವ ರೈಫಲುಗಳನ್ನು ಕೈಯಾರೆ ಮಾಡಿಕೊಳ್ಳುವ ಹವ್ಯಾಸಿಗಳ ಸಂಗ ಹಿಡಿದು, ಚಕಮಕಿ ಕಲ್ಲಿನ ಉದ್ದ ರೈಫಲೊಂದರ ಕಿಟ್ಟನ್ನು 1,200 ಡಾಲರಿಗೆ ಕೊಂಡನು. ತೊಂಬತ್ತು ಗಂಟೆಯಷ್ಟು ಕೆಲಸ ಮಾಡಿ, ನಳಿಕೆಯನ್ನೂ ಲಾಕನ್ನೂ (ಕಲ್ಲು ಬಡಿದು ಕಿಡಿ ಹೊಮ್ಮಿಸುವ ಯಂತ್ರಭಾಗ) ಮರಕ್ಕೆ ಕೂರಿಸಿದ್ದಾನೆ. ಕಿಡಿ ಒಳಹೋಗುವ ತೂತನ್ನು ಇನ್ನೂ ಕೊರೆದಿಲ್ಲ, ಮರಕ್ಕೆ ಎಣ್ಣೆಯನ್ನೂ ಕೊಟ್ಟಿಲ್ಲ. ಈಗ ಅವನು ಊರಿಗೇ ಮರಳುತ್ತಿದ್ದಾನೆ. ಅಲ್ಲಿನ ಜೊತೆಗಾರ ಹವ್ಯಾಸಿಯೊಬ್ಬರು ಕಿಟ್ಟನ್ನು ಕೊಳ್ಳಲು ಸಿದ್ಧರಿದ್ದಾರೆ. ಕೂಲಿಯನ್ನೂ ಸೇರಿಸಿ 1,800 ಡಾಲರ್ ಕೇಳಬಹುದೇ? ಲಾಕ್ ಕೂರಿಸುವಾಗ ಉಳಿ ಜಾರಿ ಹಿಂಬದಿಯಲ್ಲಿ ಸಣ್ಣ ಸಂದು ಬಿದ್ದಿದ್ದು, ಅದನ್ನು ಮರದ ಪುಡಿ ಮತ್ತು ಅಂಟಿನಿಂದ ಮುಚ್ಚಿದ್ದಾನಂತೆ. ಕೊಳ್ಳುವವರಿಗೆ ಅದನ್ನು ಹೇಳಲೇಬೇಕೇ? ಇನ್ನು, ಪಾವಗಡದ ಕಡೆಯ ನಮ್ಮ ಬೀಗರು ಬೆಳೆ ರಕ್ಷಣೆಗೆಂದು ಪರವಾನಗಿಯ ಕೇಪಿನ ಕೋವಿ ಇಟ್ಟುಕೊಂಡಿದ್ದಾರೆ. ಅವರು, "ಪರರಿಗೇಕೆ ಕೊಡುತ್ತೀರಿ, ಬಿಡಿಬಿಡಿಯಾಗಿ ತಂದರೆ ಅದು ಮರ, ಕಬ್ಬಿಣ ತಾನೇ, ನಾನೇ ಕೊಳ್ಳುತ್ತೇನೆ" ಎನ್ನುತ್ತಿದ್ದಾರೆ. ಮನೆಯಲ್ಲಿ ನನ್ನ ಬೆಂಚ್ ವೈಸ್, ಅರಗಳೆಲ್ಲ ಇವೆ, ಉಳಿದ ಕೆಲಸವನ್ನು ನಾನೇ ಮುಗಿಸಿಕೊಡಬಲ್ಲೆ. ಇದು ಸರಿಯೇ?
— ಹೆಸರು ಬೇಡ, ತುಮಕೂರು

ಉತ್ತರ: ಕೊನೆಯದನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಎಡವಿದರೆ ಉಳಿದೆರಡು ಪ್ರಶ್ನೆಗಳಿಗೆ ಅರ್ಥವೇ ಇರುವುದಿಲ್ಲ. ತರಿಸಬೇಡಿ. ನಳಿಕೆಯನ್ನೂ ಬೇಡ, ಲಾಕನ್ನೂ ಬೇಡ, ಅವೆರಡನ್ನು ಬೇರೆ ಬೇರೆ ಸೂಟ್‌ಕೇಸಿನಲ್ಲಿಟ್ಟು ತರುವ ಜಾಣತನವಂತೂ ಬೇಡವೇ ಬೇಡ.

"ಮರ, ಕಬ್ಬಿಣ ತಾನೇ" ಎಂಬ ನಿಮ್ಮ ಬೀಗರ ಮಾತು ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯು ಬಂದೂಕು ಎಂದರೆ ಏನೆಂದು ಹೇಳುವಾಗಲೇ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸಿಕೊಂಡಿದೆ. ಅದೇ ಕಾಯ್ದೆಯ 45ನೇ ಕಲಮಿನಲ್ಲಿ ಕೆಲವು ವಿನಾಯಿತಿಗಳಿವೆ, ಅವುಗಳಲ್ಲಿ ಎರಡು ನಿಮ್ಮ ಬೀಗರಂಥವರಿಗೆ ಆಸೆ ಹುಟ್ಟಿಸುವಂತಿವೆ. ಒಂದು, ಬಳಕೆ ತಪ್ಪಿದ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಕ್ಕೆ ಸಂಬಂಧಿಸಿದ್ದು. 1791ರಲ್ಲಿ ಕಾರ್ನ್‌ವಾಲಿಸನ ಪಡೆ ನಮ್ಮ ನಂದಿದುರ್ಗವನ್ನು ಹಿಡಿದಾಗ ಅದರ ಕಾಲಾಳುಗಳ ಹೆಗಲ ಮೇಲಿದ್ದುದೂ ಚಕಮಕಿ ಕಲ್ಲಿನ ಬಂದೂಕೇ ಆದ್ದರಿಂದ, ಮಾದರಿ ಹಳೆಯದೆನ್ನುವುದರಲ್ಲಿ ತಕರಾರಿಲ್ಲ. ಆದರೆ ಆ ವಿನಾಯಿತಿ ಸಿಗುವುದು, ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದ ವಸ್ತುವಿಗೆ ಮಾತ್ರ. ನಿಮ್ಮ ಮಗನ ಕಿಟ್ ಹೊಸ ಉಕ್ಕಿನದು, ಕೆಲಸ ಮುಗಿಸಿದರೆ ಗುಂಡು ಹಾರಿಸುವಂಥದು. ಇನ್ನೊಂದು ವಿನಾಯಿತಿ ಶಸ್ತ್ರದ ಸಣ್ಣಪುಟ್ಟ ಭಾಗಗಳಿಗೆ. ಅದೂ ಕೂಡ, ಆ ಭಾಗವನ್ನು ತನ್ನ ಬಳಿಯಲ್ಲಾಗಲಿ ಇನ್ನೊಬ್ಬರ ಬಳಿಯಲ್ಲಾಗಲಿ ಇರುವ ಉಳಿದ ಭಾಗಗಳೊಂದಿಗೆ ಕೂಡಿಸಿ ಬಳಸುವ ಉದ್ದೇಶ ಇಲ್ಲದಿದ್ದಾಗ ಮಾತ್ರ. ನಳಿಕೆ ಸಣ್ಣಪುಟ್ಟ ಭಾಗವಲ್ಲವೆನ್ನುವುದು ಒತ್ತಟ್ಟಿಗಿರಲಿ, ಉಳಿದ ಕೆಲಸವನ್ನು ನಾನೇ ಮುಗಿಸಿಕೊಡಬಲ್ಲೆ ಎಂದು ನೀವೇ ಬರೆದುಕೊಟ್ಟಿದ್ದೀರಿ!

ಹಾಗೆ ಮುಗಿಸುವುದೂ ನಮ್ಮಲ್ಲಿ ಹವ್ಯಾಸ ಎನಿಸಿಕೊಳ್ಳುವುದಿಲ್ಲ. ಬಂದೂಕು ತಯಾರಿಸಲು, ದುರಸ್ತಿ ಮಾಡಲು 5ನೇ ಕಲಮಿನ ಪ್ರಕಾರ ಬೇರೆಯದೇ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ, ಪರವಾನಗಿಯಿಲ್ಲದೆ ತಯಾರಿಸಿದವರಿಗೂ ಮಾರಿದವರಿಗೂ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಹೊರದೇಶದಿಂದ ತರುವುದಕ್ಕೆ 10ನೇ ಕಲಂ ಅಡ್ಡ ನಿಂತಿದೆ. ವಾಸ್ತವ್ಯವನ್ನೇ ಬದಲಿಸಿ ಸ್ವದೇಶಕ್ಕೆ ಮರಳುವವರಿಗೆ ಒಂದು ಬಂದೂಕನ್ನು ತರಲು ಕಸ್ಟಮ್ಸ್‌ನಲ್ಲಿ ಅವಕಾಶವಿದೆಯೆಂದು ಯಾರಾದರೂ ನಿಮ್ಮ ಕಿವಿಗೆ ಹಾಕಬಹುದು. ಆ ಅವಕಾಶ ಇರುವುದು, ಹೊರದೇಶದಲ್ಲಿ ಕನಿಷ್ಠ ಒಂದು ವರ್ಷ ತನ್ನ ಬಳಿಯಿದ್ದು ಬಳಕೆಯಲ್ಲಿದ್ದ ಬಂದೂಕಿಗೆ, ಅದೂ ಬದುಕಿರುವವರೆಗೆ ಅದನ್ನು ಯಾರಿಗೂ ಮಾರುವಂತಿಲ್ಲ, ಎರವಲು ಕೊಡುವಂತಿಲ್ಲ ಎಂಬ ಷರತ್ತಿನೊಂದಿಗೆ. ಒಮ್ಮೆಯೂ ಸಿಡಿಯದ ಕಿಟ್ ಮೊದಲನೆಯ ಷರತ್ತಿಗೆ ಒಗ್ಗುವುದಿಲ್ಲ, ಬೀಗರಿಗೆ ಮಾರುವ ಯೋಚನೆ ಎರಡನೆಯದಕ್ಕೆ ಒಗ್ಗುವುದಿಲ್ಲ.

ಬೀಗರ ಬಳಿ ಪರವಾನಗಿ ಇದೆ ನಿಜ, ಆದರೆ ಅದು ಅವರ ಕೈಯಲ್ಲಿರುವ ಆ ಕೇಪಿನ ಕೋವಿಗೆ ಸಿಕ್ಕಿದ್ದು. ಎರಡನೆಯದನ್ನು ಕೊಳ್ಳಬೇಕಾದರೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಮೊದಲು ಅದಕ್ಕೆ ಅನುಮತಿ ಪಡೆದಿರಬೇಕು, ಎರಡಕ್ಕಿಂತ ಹೆಚ್ಚಂತೂ 2019ರಿಂದೀಚೆಗೆ ಯಾವ ಸಾಮಾನ್ಯ ಪರವಾನಗಿದಾರರಿಗೂ ಇಲ್ಲ. ಇಲ್ಲಿಯೇ ಕ್ರಮಬದ್ಧವಾಗಿರುವ ಕೋವಿಯನ್ನು ಒಬ್ಬ ಪರವಾನಗಿದಾರರು ಇನ್ನೊಬ್ಬರಿಗೆ ಮಾರುವಾಗಲೂ, ಕೊಳ್ಳುವವರ ಹೆಸರು ವಿಳಾಸಗಳನ್ನು ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರೆದುಕೊಟ್ಟು, ಆಮೇಲೆ 45 ದಿನಗಳಾದರೂ ಕಾಯಬೇಕು. ಕೊಡಗಿನಲ್ಲಿ ಹೀಗಿಲ್ಲವಲ್ಲ ಎನ್ನಬೇಡಿ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಇರುವ ಆ ರಿಯಾಯಿತಿ ಪಾವಗಡದವರಿಗೆ ಅನ್ವಯಿಸುವುದಿಲ್ಲ.

ಆದ್ದರಿಂದ ಕಿಟ್ ಎಲ್ಲಿದೆಯೋ ಅಲ್ಲಿಯೇ ಮಾರಾಟವಾಗಬೇಕು. ಅಲ್ಲಿ ಅದು ಸುಲಭ. ಮೂತಿಯಿಂದ ತುಂಬುವ, ಕರಿಮದ್ದಿಗೆಂದೇ ರೂಪಿಸಿದ, ಸಿದ್ಧ ತೋಟಾ ಬಳಸಲು ಬಾರದ ರೈಫಲುಗಳನ್ನು ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯು ಈಗಿನ ರೂಪದಲ್ಲಿ ಪುರಾತನ ವರ್ಗಕ್ಕೆ ಸೇರಿಸಿ, ಬಂದೂಕಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ರಾಜ್ಯ ರಾಜ್ಯಕ್ಕೆ ನಿಯಮ ಬೇರೆಯಾಗಬಹುದಾದ್ದರಿಂದ, ಕೊಳ್ಳುವವರು ಪೆನ್ಸಿಲ್ವೇನಿಯಾದವರೇ ಹೌದೇ ಎಂದು ನಿಮ್ಮ ಮಗ ಕೇಳಿಕೊಂಡರೆ ಸಾಕು. ಮಾರಲು ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ. ಈ ಉದ್ದ ರೈಫಲು ಹದಿನೆಂಟನೆಯ ಶತಮಾನದಲ್ಲಿ ರೂಪ ತಳೆದದ್ದೇ ಆ ರಾಜ್ಯದ ಲ್ಯಾಂಕಾಸ್ಟರ್ ಸುತ್ತಮುತ್ತ, ಜರ್ಮನ್ ಮೂಲದ ಕಸುಬುದಾರರ ಕೈಯಲ್ಲಿ. ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕಲ್ಲಿನ ಬಂದೂಕಿನಿಂದ ಮಾತ್ರ ಜಿಂಕೆ ಬೇಟೆಯಾಡಲು ಅಲ್ಲಿ ಪ್ರತ್ಯೇಕ ಋತುವೇ ಇರುವುದರಿಂದ ಗಿರಾಕಿಗಳಿಗೂ ಬರವಿಲ್ಲ.

ಇನ್ನು ಬೆಲೆ. 1,800 ಕೇಳಬೇಡಿ, ಕೊಂಡ 1,200 ಕೂಡ ಬರಲಾರದು. ಇದು ನಿಮಗೆ ಕಹಿಯಾಗಿ ಕಾಣಬಹುದು, ಆದರೆ ಕಾರ್ಖಾನೆಯಲ್ಲಿ ದುಡಿದ ನಿಮಗೆ ಬೇಗ ಅರ್ಥವಾಗುತ್ತದೆ. ಬಿಡಿಭಾಗಗಳ ಸೀಲು ಒಡೆಯದ ಪೆಟ್ಟಿಗೆಗೆ ಒಂದು ಬೆಲೆ, ನಡೆಯುತ್ತಿರುವ ಗಡಿಯಾರಕ್ಕೆ ಅದಕ್ಕಿಂತ ಹೆಚ್ಚಿನ ಬೆಲೆ. ಬೇರೆ ಯಾರೋ ಅರ್ಧ ಜೋಡಿಸಿ ಬಿಟ್ಟ ಗಡಿಯಾರವನ್ನು ನಿಮ್ಮ ಮೇಜಿನ ಮೇಲೆ ತಂದಿಟ್ಟರೆ ನೀವು ಅದನ್ನು ಮೊದಲು ಪೂರ್ತಿ ಬಿಚ್ಚುತ್ತಿದ್ದಿರಲ್ಲವೇ? ಕಿಟ್ಟಿನದೂ ಅದೇ ಕಥೆ, ಅದಕ್ಕಿಂತ ಒಂದು ತೂಕ ಹೆಚ್ಚು, ಏಕೆಂದರೆ ತೆಗೆದ ಮರವನ್ನು ಮತ್ತೆ ಹಾಕಲು ಬರುವುದಿಲ್ಲ. ಕೈ ಮುಟ್ಟದ ಕಿಟ್ ಹೆಚ್ಚು ಕಡಿಮೆ ಅಸಲು ಬೆಲೆಗೆ ಹೋಗುತ್ತದೆ, ಚೆನ್ನಾಗಿ ಮುಗಿಸಿದ ರೈಫಲು ಅಸಲನ್ನು ಮೀರುತ್ತದೆ, ನಡುವೆ ನಿಂತದ್ದಕ್ಕೆ ಎರಡೂ ಇಲ್ಲ. ಹವ್ಯಾಸಿ ಕೊಳ್ಳುವುದೇ ಆ ತೊಂಬತ್ತು ಗಂಟೆಯ ಕೆಲಸವನ್ನು ತಾನು ಮಾಡುವ ಸುಖಕ್ಕಾಗಿ. ನಿಮ್ಮ ಮಗ ಆ ಸುಖವನ್ನು ಆಗಲೇ ಅನುಭವಿಸಿದ್ದಾನೆ, ಅದರ ಕೂಲಿಯನ್ನು ಇನ್ನೊಬ್ಬರಿಂದ ಕೇಳುವುದು ಊಟ ಮಾಡಿದ ಎಲೆಗೆ ದುಡ್ಡು ಕೇಳಿದಂತೆ. ನಾನಾಗಿದ್ದರೆ 900 ಹೇಳಿ 800ಕ್ಕೆ ಒಪ್ಪಿಕೊಳ್ಳುತ್ತಿದ್ದೆ. ನಳಿಕೆಯ ತೋಡು ಸರಿಯಾಗಿ ಬಂದಿದ್ದರೆ, ಅಂದರೆ ನಳಿಕೆ ಎಲ್ಲಿಯೂ ಅಲುಗದೆ ಅದರ ಹಿಂತುದಿಯನ್ನು ಮುಚ್ಚುವ ಹಿಂಬದಿಯ ಬಿರಡೆ ಮರಕ್ಕೆ ಪೂರ್ತಿ ಒರಗಿ ಕುಳಿತಿದ್ದರೆ, ಅದನ್ನು ಫೋಟೋದಲ್ಲಿ ತೋರಿಸಿ ಇನ್ನಷ್ಟು ಕೇಳಬಹುದು, ಏಕೆಂದರೆ ಬೇಸರದ ಕೆಲಸ ಅದೊಂದೇ.

ಸಂದಿನ ವಿಷಯಕ್ಕೆ ಬರೋಣ. ಹೇಳಲೇಬೇಕು, ಬಾಯಲ್ಲಿ ಹೇಳಿ ಬಿಟ್ಟರೆ ಸಾಲದು, ಬರೆದುಕೊಡಬೇಕು. ಅಂಟು ಹಾಕಿದ ಜಾಗ ಈಗ ಕಾಣಿಸದಿರಬಹುದು. ಕೊಂಡವರು ಉಪ್ಪುಕಾಗದ ಉಜ್ಜಿ, ಮೇಪಲ್ ಮರಕ್ಕೆ ಬಣ್ಣ ಕೊಟ್ಟ ಕ್ಷಣ ಮರ ಬಣ್ಣ ಕುಡಿಯುತ್ತದೆ, ಅಂಟು ಕುಡಿಯುವುದಿಲ್ಲ. ಲಾಕಿನ ಬಾಲದ ಬಳಿ ಉಗುರಿನ ಗೀರಿನಷ್ಟು ಬಿಳಿಚಿದ ಗೆರೆ ಎದ್ದು ಕೂರುತ್ತದೆ, ಆಗ ನಿಮ್ಮ ಮಗ ತುಮಕೂರಿನಲ್ಲಿರುತ್ತಾನೆ. ಅರ್ಧ ಕಟ್ಟಿದ ಮನೆ ಕೊಳ್ಳುವವನು ಪಾಯ ಅಗೆದು ನೋಡಲಾರ, ಮೇಸ್ತ್ರಿಯ ಮಾತನ್ನು ನಂಬಿಯೇ ಕೊಳ್ಳುತ್ತಾನೆ. ಇಲ್ಲಿ ಮೇಸ್ತ್ರಿ ನಿಮ್ಮ ಮಗ.

ಹೇಳಿದರೆ ಬೇರೊಂದು ಲಾಭವೂ ಇದೆ. ಲಾಕು ಹಿಂದೆ ಮುಂದೆ ಸರಿದರೆ ಕಿಡಿ ಬೀಳುವ ಅದರ ಮದ್ದಿನ ಬಟ್ಟಲೂ ಸರಿಯುತ್ತದೆ, ಕಿಡಿಯ ತೂತು ಆ ಬಟ್ಟಲಿನ ನಡುವಿಗೆ ಎದುರಾಗಿ ಬರಬೇಕು. ತೂತು ಕೊರೆದಾದ ಮೇಲೆ ಇಂಥ ಸಂದು ಇದ್ದಿದ್ದರೆ ಅದು ನಿಜವಾದ ದೋಷ. ನಿಮ್ಮ ಮಗ ಇನ್ನೂ ಕೊರೆದಿಲ್ಲವಾದ್ದರಿಂದ, ಲಾಕು ಈಗ ನಿಂತಿರುವ ಜಾಗವನ್ನೇ ಅಳತೆಗೆ ಹಿಡಿದು ಕೊಂಡವರು ಕೊರೆದುಕೊಳ್ಳಬಹುದು, ಸಂದು ಬರೀ ನೋಟದ ಕೊರತೆಯಾಗಿ ಉಳಿಯುತ್ತದೆ. ಇದನ್ನು ಬಿಡಿಸಿ ಹೇಳಿದರೆ, ಬಲ್ಲ ಹವ್ಯಾಸಿ ಬೆಲೆಯಲ್ಲಿ ಹೆಚ್ಚೇನೂ ಕಡಿತ ಕೇಳುವುದಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ, ಇವನು ನಳಿಕೆಯ ಹಿಂಬದಿಯಲ್ಲಿ ಇನ್ನೇನು ಮಾಡಿದ್ದಾನೋ ಎಂಬ ಅನುಮಾನ ಹುಟ್ಟುತ್ತದೆ. ಮೂತಿಯಿಂದ ತುಂಬುವ ಬಂದೂಕಿನಲ್ಲಿ ಆ ಅನುಮಾನ ಸಣ್ಣದಲ್ಲ, ಸಿಡಿಯುವಾಗ ಹಿಂಬದಿಯ ಬಿರಡೆ ಇರುವುದು ಹಾರಿಸುವವನ ಕಣ್ಣಿಗೆ ಒಂದು ಗೇಣು ದೂರದಲ್ಲಿ. ಆ ಬಿರಡೆಯನ್ನು ನಿಮ್ಮ ಮಗ ಒಮ್ಮೆಯಾದರೂ ಬಿಚ್ಚಿದ್ದನೇ, ಬಿಚ್ಚಿದ್ದರೆ ಮತ್ತೆ ಬಿಗಿ ಮಾಡಿದವರು ಯಾರು ಎನ್ನುವುದನ್ನೂ ಮರೆಯದೆ ಬರೆಯಲಿ.

ಬರೆದುಕೊಡುವ ಕಾಗದ ಉದ್ದವಿರಬೇಕಿಲ್ಲ. ಕಿಟ್ ಕೊಂಡ ರಸೀದಿ, ಕಾರ್ಖಾನೆಯ ಸೂಚನಾಪುಸ್ತಕ, ಈವರೆಗೆ ಮಾಡಿದ ಕೆಲಸ, ಮಾಡದೆ ಉಳಿದದ್ದು, ಸಂದು ಬಿದ್ದ ಜಾಗ ಮತ್ತು ಹಾಕಿದ ಅಂಟಿನ ಹೆಸರು, ಈ ನಳಿಕೆಯಲ್ಲಿ ಇದುವರೆಗೆ ಮದ್ದು ಸಿಡಿದಿಲ್ಲ ಎಂಬ ಮಾತು, ತಾರೀಖು, ಇಬ್ಬರ ಸಹಿ, ಇಷ್ಟಿದ್ದರೆ ಆಯಿತು. ಮೊಳೆ, ತಿರುಪುಗಳನ್ನು ಎಣಿಸಿ ಪೊಟ್ಟಣ ಕಟ್ಟಿ ಮೇಲೆ ಸಂಖ್ಯೆ ಬರೆಯುವುದನ್ನು ನಿಮ್ಮ ಮಗನಿಗೆ ನೀವೇ ಫೋನಿನಲ್ಲಿ ಹೇಳಿಕೊಡಿ. ಹಣ ಎಣಿಸುವ ಮೊದಲು ಕೊಳ್ಳುವವರು ತಮ್ಮ ಕೈಯಿಂದಲೇ ಲಾಕನ್ನು ಮರದಿಂದ ಹೊರತೆಗೆದು, ಅಂಟು ಹಾಕಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಲಿ.