ಎಚ್‌ಪಿಎಲ್‌ಸಿಯಲ್ಲಿ (ದ್ರವವನ್ನು ಒತ್ತಡದಲ್ಲಿ ಹರಿಸಿ ಮಿಶ್ರಣದ ಅಂಶಗಳನ್ನು ಬೇರ್ಪಡಿಸುವ ಯಂತ್ರ) ಪ್ರೆಷರ್ ಏರುತ್ತಿದೆ, ಎಲ್ಲಿ ಕಟ್ಟಿಕೊಂಡಿದೆ ಅಂತ ಹೇಗೆ ಹುಡುಕುವುದು?

ಬಾಗಲಕೋಟೆಯ ಫಾರ್ಮಸಿ ಕಾಲೇಜಿನ ಲ್ಯಾಬ್, ಫಾಸ್ಫೇಟ್ ಬಫರ್ (ಪಿಎಚ್ ಸ್ಥಿರವಾಗಿಡುವ ಉಪ್ಪಿನ ದ್ರಾವಣ) ಜೊತೆ ಅಸಿಟೋನೈಟ್ರೈಲ್ ಎಂಬ ದ್ರಾವಕ, ಪ್ರೆಷರ್ ಏರಿ ಪಂಪ್ ನಿಲ್ಲುತ್ತಿದೆ ಅಂದಿದ್ದೀರಿ. ಕಾಲಮ್ (ಅಂಶಗಳು ಬೇರ್ಪಡುವ ಕೊಳವೆ) ಹೋಯಿತು ಅಂತ ಈಗಲೇ ತೀರ್ಮಾನಿಸಬೇಡಿ.

ದ್ರವ ಕೊನೆಗೆ ಹಾದುಹೋಗುವ ಡಿಟೆಕ್ಟರ್ ಕಡೆಯಿಂದ ಶುರುಮಾಡಿ ಪಂಪ್ ಕಡೆಗೆ ಬನ್ನಿ. ಸುರಕ್ಷತಾ ಕನ್ನಡಕ ಹಾಕಿಕೊಳ್ಳಿ. ಪಂಪ್ ನಿಲ್ಲಿಸಿ, ಪ್ರೆಷರ್ ಸೊನ್ನೆಗೆ ಇಳಿದ ಮೇಲೆ ಒಂದು ಫಿಟ್ಟಿಂಗ್ ಬಿಚ್ಚಿ, ಕಡಿಮೆ ಫ್ಲೋದಲ್ಲಿ ಓಡಿಸಿ, ಪ್ರೆಷರ್ ಬರೆದಿಟ್ಟುಕೊಳ್ಳಿ. ಪ್ರತಿ ಸಲ ಫ್ಲೋ ಅಷ್ಟೇ ಇರಲಿ. ಯಾವ ಭಾಗ ತೆಗೆದಾಗ ಪ್ರೆಷರ್ ದಿಢೀರನೆ ಬೀಳುತ್ತದೋ ಅಲ್ಲೇ ಅಡಚಣೆ.

ಕಾಲಮ್ ವಿಷಯದಲ್ಲಿ ಮಾತ್ರ ಹುಷಾರು. ಅದು ಚೆನ್ನಾಗಿದ್ದರೂ ತೆಗೆದಾಗ ಪ್ರೆಷರ್ ಇಳಿದೇ ಇಳಿಯುತ್ತದೆ, ಅಲ್ವಾ? ಹಾಗಾಗಿ ಹಳೆಯ ರನ್‌ಗಳ ಪ್ರೆಷರ್ ಜೊತೆ ಹೋಲಿಸಿ. ಗಾರ್ಡ್ ಕಾಲಮ್ (ಮುಖ್ಯ ಕಾಲಮ್‌ಗೆ ಮೊದಲೇ ಕೊಳೆ ತಡೆಯುವ ಚಿಕ್ಕ ಕಾಲಮ್) ಇದ್ದರೆ ಮೊದಲು ಅದನ್ನು ತೆಗೆದು ನೋಡಿ.

ಪರ್ಜ್ ವಾಲ್ವ್ (ಪಂಪ್‌ನಿಂದ ದ್ರವವನ್ನು ನೇರವಾಗಿ ಹೊರಗೆ ಬಿಡುವ ವಾಲ್ವ್) ತೆರೆದರೂ ಪ್ರೆಷರ್ ಜಾಸ್ತಿ ಇದ್ದರೆ, ಅದರ ಫ್ರಿಟ್ (ಚಿಕ್ಕ ಸೋಸು ತಟ್ಟೆ) ಬದಲಿಸಿ.

ನನಗೆ ಅನುಮಾನ ಬಫರ್ ಮೇಲೆ. ಅಸಿಟೋನೈಟ್ರೈಲ್ ಜಾಸ್ತಿಯಾದರೆ ಫಾಸ್ಫೇಟ್ ಉಪ್ಪು ಬಿಳಿ ಹರಳಾಗಿ ಕೂರುತ್ತದೆ. ಬಫರ್ ಓಡಿಸಿದ ಮೇಲೆ ಮೊದಲು ನೀರು ಜಾಸ್ತಿ ಇರುವ ಮಿಶ್ರಣದಿಂದ ತೊಳೆಯಿರಿ, ಆಮೇಲೆ ಅಸಿಟೋನೈಟ್ರೈಲ್. ಬಫರನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿಯೇ ಬಳಸಿ.